ತೈ ಚಿ, ಚಿಗಾಂಗ್, ಅಕ್ಯುಪಂಕ್ಚರ್: ಒತ್ತಡಕ್ಕೆ ಚೀನಾದ ಮದ್ದು ಎಷ್ಟು ದೂರ ಬರುತ್ತೆ?

ಸಾಸಲಿನಿಂದ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ದಿನಾ ಹೋಗಿಬರುವ ನನ್ನ ಚಿಕ್ಕಪ್ಪನ ಮಗಳು ಹೋದ ತಿಂಗಳು ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದ್ದಳು. ಹಿಂದೆ ಕಂಪನಿ ಬಸ್ಸಿನ ಸದ್ದು.

"ಅಣ್ಣ, ನಮ್ ಕಂಪ್ನೀಲಿ ಈಗ ಶಿಫ್ಟ್ ಶುರುವಾಗೋಕೆ ಮುಂಚೆ ಹತ್ತು ನಿಮಿಷ ಕೈಕಾಲು ಆಡಿಸ್ತಾರೆ. ಚೀನಾದ್ದು ಎಕ್ಸರ್‌ಸೈಜಂತೆ, ಟೆನ್ಶನ್ ಹೋಗುತ್ತಂತೆ. ಚೆನ್ನಾಗೇ ಇದೆ. ಆದ್ರೆ ಆ ಹತ್ತು ನಿಮಿಷದ ಪೀಸೂ ನಮ್ ಕೈಲೇ ತೆಗೆಸ್ತಾರೆ. ಇನ್ನೊಂದು ವಿಷ್ಯ, ಇಲ್ಲೊಬ್ರು ಸೂಜಿ ಚುಚ್ಚಿ ಕತ್ತುನೋವು ವಾಸಿ ಮಾಡ್ತಾರಂತೆ. ಹತ್ತು ಸಲಕ್ಕೆ ಆರು ಸಾವಿರ. ಬಿಪಿ ಮಾತ್ರೆನೂ ಬಿಟ್ಬಿಡಬಹುದು ಅಂದ್ರು. ಹೋಗ್ಲಾ?"

ಅವಳಿಗೆ ಮೂವತ್ತೊಂದು. ಆ ವಯಸ್ಸಿಗೇ ಬಿಪಿ ಮಾತ್ರೆ. ನಾನೇನೂ ಇದರಲ್ಲಿ ಪಂಡಿತನಲ್ಲ. ಆದರೆ ಇಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಗ ರಾತ್ರಿ ನಿದ್ದೆ ಬಾರದೆ, ಎದೆ ಡವಡವ ಅನ್ನುತ್ತಾ ಎದ್ದು ಕೂರುತ್ತಿದ್ದ ದಿನಗಳಲ್ಲಿ, ಯೂಟ್ಯೂಬ್ ನೋಡಿ ಇವುಗಳಲ್ಲೊಂದನ್ನು ಕಲಿತವನು. ಈಗಲೂ ಮಾಡುತ್ತೇನೆ. ಅವಳಿಗೆ ಎರಡು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಷ್ಟುದ್ದ.

ಯಾವುದು ಯಾವುದು?

ತೈ ಚಿ ಮೂಲದಲ್ಲಿ ಒಂದು ಸಮರಕಲೆ. ಪೂರ್ತಿ ಹೆಸರು ತೈಜಿಚುವಾನ್. 'ಚುವಾನ್' ಅಂದರೆ ಮುಷ್ಟಿ. ಮೊಣಕಾಲು ತುಸು ಬಗ್ಗಿಸಿ, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿಸುತ್ತಾ, ಹೊಡೆತ–ತಡೆತಗಳನ್ನೇ ನೀರಿನೊಳಗೆ ಮಾಡಿದಂತೆ ಮಾಡುವುದು. ಹದಿನೇಳನೇ ಶತಮಾನದಲ್ಲಿ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ಇದು ರೂಪ ಪಡೆಯಿತು ಎನ್ನುವುದು ಹೆಚ್ಚಿನವರು ಒಪ್ಪುವ ಮಾತು. ಹತ್ತೊಂಬತ್ತನೇ ಶತಮಾನದಲ್ಲಿ ಯಾಂಗ್ ಲುಚಾನ್ ಎಂಬಾತ ಅಲ್ಲಿ ಕಲಿತು ಬೀಜಿಂಗ್‌ಗೆ ಒಯ್ದ. ಇವತ್ತು ಪಾರ್ಕುಗಳಲ್ಲಿ ಕಾಣುವುದು ಬಹುಪಾಲು ಆ ಯಾಂಗ್ ಶೈಲಿಯೇ.

ಚಿಗಾಂಗ್ ಅಂದರೆ 'ಚಿ'ಯ ಅಭ್ಯಾಸ. ಚಿ ಅಂದರೆ ಉಸಿರು, ಜೀವಶಕ್ತಿ. ನಮ್ಮಲ್ಲಿ ಪ್ರಾಣ ಅಂತಾರಲ್ಲ, ಹತ್ತಿರಹತ್ತಿರ ಅದೇ. ಉಸಿರು, ನಿಲುವು, ಗಮನ ಮೂರನ್ನೂ ಜೋಡಿಸುವ ನೂರಾರು ಬಗೆಯ ಅಭ್ಯಾಸಗಳಿಗೆ ಇದು ಒಟ್ಟು ಹೆಸರು. ಅಂದಹಾಗೆ, ತೈ ಚಿಯ 'ಚಿ'ಗೂ ಈ 'ಚಿ'ಗೂ ಸಂಬಂಧ ಇಲ್ಲ. ಅದು ಬೇರೆ ಅಕ್ಷರ, ಬೇರೆ ಅರ್ಥ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿ ಗೊಂದಲವಾಗುತ್ತೆ, ಅಷ್ಟೆ.

ಅಕ್ಯುಪಂಕ್ಚರ್ ಗೊತ್ತೇ ಇದೆ: ಕೂದಲೆಳೆಯಂಥ ಸೂಜಿಗಳನ್ನು ದೇಹದ ನಿರ್ದಿಷ್ಟ ಜಾಗಗಳಲ್ಲಿ ಚುಚ್ಚುವುದು. ಮೊದಲೆರಡನ್ನು ನೀವೇ ಮಾಡಿಕೊಳ್ಳುತ್ತೀರಿ, ಮೂರನೆಯದನ್ನು ಇನ್ನೊಬ್ಬರು ನಿಮಗೆ ಮಾಡುತ್ತಾರೆ. ದುಡ್ಡು, ಅಪಾಯ, ಮೋಸ ಎಲ್ಲದರ ಲೆಕ್ಕವೂ ಇಲ್ಲೇ ಬದಲಾಗುತ್ತೆ.

'ಸಾವಿರಾರು ವರ್ಷ ಹಳೆಯದು' ಅನ್ನೋ ಮಾತು

ಅರ್ಧ ನಿಜ. 1973ರಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಎಂಬಲ್ಲಿ, ಕ್ರಿಸ್ತಪೂರ್ವ 168ರ ಸಮಾಧಿಯೊಂದರಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬರೆದ ಚಿತ್ರ ಸಿಕ್ಕಿತು. ಅದರಲ್ಲಿ 44 ಮಂದಿ ಇದ್ದಾರೆ. ಹೆಂಗಸರೂ ಗಂಡಸರೂ, ಒಬ್ಬೊಬ್ಬರು ಒಂದೊಂದು ಭಂಗಿಯಲ್ಲಿ ಮೈ ಚಾಚಿದ್ದಾರೆ, ಬಾಗಿದ್ದಾರೆ. ಉಸಿರು ಮತ್ತು ಚಲನೆ ಸೇರಿಸಿ ಮೈ ಸರಿಪಡಿಸಿಕೊಳ್ಳುವ ಯೋಚನೆ ಹಳೆಯದು ಎನ್ನುವುದರಲ್ಲಿ ಅನುಮಾನವಿಲ್ಲ.

ಆದರೆ 'ಚಿಗಾಂಗ್' ಎಂಬ ಹೆಸರಿನಲ್ಲಿ ಅದನ್ನೊಂದು ಚಿಕಿತ್ಸಾ ಪದ್ಧತಿಯಾಗಿ ಕಟ್ಟಿದ್ದು ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರು, 1949ರ ಆಸುಪಾಸಿನಲ್ಲಿ. ಲಿಯು ಗುಯಿಜೆನ್ ಎಂಬ ಯುವ ಕಾರ್ಯಕರ್ತ ಹೊಟ್ಟೆಹುಣ್ಣಿನಿಂದ ನರಳುತ್ತಿದ್ದ. ಊರಿಗೆ ಹೋಗಿ ಹಿರಿಯರೊಬ್ಬರಿಂದ ಉಸಿರಾಟದ ಅಭ್ಯಾಸ ಕಲಿತು ಚೇತರಿಸಿಕೊಂಡ. ಪಕ್ಷ ಅದನ್ನು ದೇವರು–ಮಂತ್ರಗಳಿಂದ ಬಿಡಿಸಿ, ಹೊಸ ಹೆಸರಿಟ್ಟು, 1950ರ ದಶಕದಲ್ಲಿ ಆರೋಗ್ಯಧಾಮಗಳನ್ನೇ ತೆರೆಯಿತು. ತೈ ಚಿಯದೂ ಅದೇ ಕತೆ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಜನ ಕಲಿಯುವ 24 ಚಲನೆಗಳ ಸರಳ ರೂಪವನ್ನು 1956ರಲ್ಲಿ ಸಿದ್ಧಪಡಿಸಿದ್ದು ಚೀನಾದ ಕ್ರೀಡಾ ಆಯೋಗ.

ಆಮೇಲೆ ಸಾಂಸ್ಕೃತಿಕ ಕ್ರಾಂತಿಯ ಹೊತ್ತಿಗೆ ಅದೇ ಪಕ್ಷಕ್ಕೆ ಚಿಗಾಂಗ್ ಮೂಢನಂಬಿಕೆಯಾಯಿತು. ಲಿಯು ಗುಯಿಜೆನ್‌ನನ್ನೇ ಮೂಲೆಗೆ ತಳ್ಳಿದರು. 1980ರ ದಶಕದಲ್ಲಿ ಮತ್ತೆ ಅಲೆ ಎದ್ದು, ಕೋಟಿಗಟ್ಟಲೆ ಜನ ಪಾರ್ಕುಗಳಲ್ಲಿ ಅಭ್ಯಾಸಕ್ಕೆ ನಿಂತರು. ಆ ಅಲೆಯಲ್ಲೇ 1992ರಲ್ಲಿ ಫಾಲುನ್ ಗಾಂಗ್ ಹುಟ್ಟಿತು. 1999ರ ಏಪ್ರಿಲ್ 25ರಂದು ಅದರ ಸುಮಾರು ಹತ್ತು ಸಾವಿರ ಅನುಯಾಯಿಗಳು ಬೀಜಿಂಗ್‌ನ ಅಧಿಕಾರ ಕೇಂದ್ರದ ಹೊರಗೆ ಸುಮ್ಮನೆ ಬಂದು ನಿಂತರು. ಘೋಷಣೆ ಇಲ್ಲ, ಕಲ್ಲು ಇಲ್ಲ. ಜುಲೈಗೆ ನಿಷೇಧ ಬಂತು, ಬಂಧನಗಳು ಶುರುವಾದವು. ಅದರ ಬೆನ್ನಿಗೇ ಸರ್ಕಾರಿ ಕ್ರೀಡಾ ಇಲಾಖೆ ನಾಲ್ಕು 'ಆರೋಗ್ಯ ಚಿಗಾಂಗ್' ಪಾಠಗಳನ್ನು ಅಧಿಕೃತ ಎಂದು ಹೊರತಂದಿತು. ಉಸಿರಾಡುವುದಕ್ಕೂ ಸರ್ಕಾರಿ ಪಠ್ಯಕ್ರಮ!

ನಗುವ ಮುಂಚೆ ನಮ್ಮ ಕಡೆಯೂ ನೋಡಿಕೊಳ್ಳಬೇಕು. ಇವತ್ತು ಜಗತ್ತು ಯೋಗ ಅಂತ ಕರೆಯುವ ಆಸನಪ್ರಧಾನ ಯೋಗ ಬಹುಮಟ್ಟಿಗೆ ರೂಪುಗೊಂಡಿದ್ದು ಮೈಸೂರಿನಲ್ಲಿ, 1930ರ ದಶಕದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸುತ್ತಿದ್ದರು. ಅವರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅದನ್ನು ಜಗತ್ತಿಗೆ ಹಂಚಿದರು. 2015ರಿಂದ ಜೂನ್ 21 ಬಂದರೆ ಸಾಕು, ಚಾಪೆ ಹಾಸಿ ಫೋಟೋ ತೆಗೆಸಿಕೊಳ್ಳುವುದು ಸರ್ಕಾರಿ ಕಾರ್ಯಕ್ರಮ. ಯುನೆಸ್ಕೋದ ಪಟ್ಟಿಗೆ ಯೋಗ 2016ರಲ್ಲಿ ಸೇರಿತು, ತೈ ಚಿ 2020ರಲ್ಲಿ. ಎರಡು ದೇಶಗಳೂ ಜನರ ಮೈಯ ಅಭ್ಯಾಸಕ್ಕೆ ಬಾವುಟ ಸುತ್ತಿವೆ. ಇದರಿಂದ ಅಭ್ಯಾಸ ಸುಳ್ಳಾಗಲ್ಲ. ಹಳೆಯದು ಅನ್ನೋದೊಂದೇ ಅದಕ್ಕೆ ಸರ್ಟಿಫಿಕೇಟ್ ಆಗಲ್ಲ, ಅಷ್ಟೆ.

ಮೈಯೊಳಗೆ ಏನಾಗುತ್ತೆ?

ಟಾರ್ಗೆಟ್ ಕೂಗುವ ಸೂಪರ್‌ವೈಸರ್ ಎದುರು ನಿಂತಾಗ ಮೈ ಓಡೋಕೆ ಇಲ್ಲವೇ ಹೊಡೆಯೋಕೆ ರೆಡಿಯಾಗುತ್ತೆ: ಹೃದಯದ ಬಡಿತ ಏರುತ್ತೆ, ಉಸಿರು ಮೇಲುಮೇಲಕ್ಕೆ ಬರುತ್ತೆ, ಭುಜ ಕಿವಿಯ ಹತ್ತಿರ ಹೋಗುತ್ತೆ. ಓಡಲೂ ಆಗಲ್ಲ, ಹೊಡೆಯಲೂ ಆಗಲ್ಲ. ದಿನಾ ಹೀಗೆ ಆದರೆ ಮೈ ಅದೇ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತೆ. ಹೃದಯದ ಬಡಿತವನ್ನು ನಾವು ಬೇಕೆಂದಾಗ ಇಳಿಸಲಾರೆವು. ಆದರೆ ಉಸಿರು ನಮ್ಮ ಕೈಯಲ್ಲಿದೆ. ಉಸಿರನ್ನು ಉದ್ದಕ್ಕೆ ಬಿಟ್ಟಾಗ ವೇಗಸ್ ನರದ ಮೂಲಕ ಬಡಿತ ಇಳಿಯುತ್ತೆ. ಇಂಜಿನಿಯರಿಂಗ್ ಓದಿದವರಿಗೆ ಹೇಳುವುದಾದರೆ, ಇಡೀ ವ್ಯವಸ್ಥೆಯಲ್ಲಿ ನಮಗೆ ಕೈಗೆಟುಕುವ ಒಂದೇ ನಾಬ್ ಇದು.

2001ರಲ್ಲಿ ಇಟಲಿಯ ಸಂಶೋಧಕರು ಒಂದು ತಮಾಷೆಯ ಸಂಗತಿ ಕಂಡುಕೊಂಡರು. ಕ್ಯಾಥೊಲಿಕರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿದರೂ, ನಮ್ಮ ಬೈಲುಕುಪ್ಪೆಯ ಟಿಬೆಟನ್ನರು ಜಪಿಸುವ 'ಮಣಿ ಪದ್ಮೆ' ಮಂತ್ರ ಹೇಳಿದರೂ ಉಸಿರಾಟ ನಿಮಿಷಕ್ಕೆ ಹೆಚ್ಚುಕಡಿಮೆ ಆರಕ್ಕೆ ಇಳಿಯುತ್ತೆ. ಆ ಲಯದಲ್ಲಿ ಹೃದಯ ಮತ್ತು ರಕ್ತದೊತ್ತಡದ ಹೊಂದಾಣಿಕೆ ಸುಧಾರಿಸುತ್ತೆ. ದೇವರು ಯಾರಾದರೂ ಆಗಲಿ, ಲೆಕ್ಕ ಆರೇ. ತೈ ಚಿ, ಚಿಗಾಂಗ್ ಕೂಡ ಇದೇ ಬಾಗಿಲಿನಿಂದ ಒಳಗೆ ಹೋಗುತ್ತವೆ ಅನ್ನೋದು ನನ್ನ ನಂಬಿಕೆ. ಚಿ ಅನ್ನೋದು ನಾಳಗಳಲ್ಲಿ ಹರಿಯುತ್ತೆ ಎನ್ನುವುದಕ್ಕೆ ದೇಹವನ್ನು ಬಿಚ್ಚಿ ನೋಡಿದವರಿಗೆ ಆಧಾರ ಸಿಕ್ಕಿಲ್ಲ.

ಪ್ರಯೋಗಗಳು ಏನು ಹೇಳುತ್ತವೆ? ಬಿಪಿ ವಿಷಯಕ್ಕೇ ಬರೋಣ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ಬೀಜಿಂಗ್‌ನ ಅಧ್ಯಯನದಲ್ಲಿ, ಬಿಪಿ ಗಡಿಯಲ್ಲಿದ್ದ 342 ಜನರಲ್ಲಿ ಅರ್ಧ ಮಂದಿ ತೈ ಚಿ, ಉಳಿದರ್ಧ ಬಿರುಸು ನಡಿಗೆ, ಸೈಕಲ್‌ನಂಥ ವ್ಯಾಯಾಮ ಮಾಡಿದರು. ವಾರಕ್ಕೆ ನಾಲ್ಕು ಸಲ, ಒಂದೊಂದು ಗಂಟೆ, ಒಂದು ವರ್ಷ. ಮೇಲಿನ ಬಿಪಿ ತೈ ಚಿ ಗುಂಪಿನಲ್ಲಿ ಸರಾಸರಿ 7 ಪಾಯಿಂಟ್ ಇಳಿಯಿತು, ಇನ್ನೊಂದರಲ್ಲಿ 4.6. ಒಳ್ಳೆಯ ಫಲಿತಾಂಶ. ಆದರೆ ಗಮನಿಸಿ, ಇವರೆಲ್ಲ ಗಡಿಯಲ್ಲಿದ್ದವರು. ಮಾತ್ರೆ ತಗೊಳ್ಳುತ್ತಿರುವವರು ಮಾತ್ರೆ ಬಿಡಬಹುದು ಅಂತ ಇದು ಹೇಳುವುದಿಲ್ಲ. ಜೊತೆಗೆ ವಾರಕ್ಕೆ ನಾಲ್ಕು ಗಂಟೆ! ಸಾಸಲಿನಿಂದ ಬೆಳಗಾಗೆದ್ದು ಬಸ್ ಹಿಡಿಯುವ ಹೆಣ್ಣುಮಗಳಿಗೆ ಆ ನಾಲ್ಕು ಗಂಟೆ ಎಲ್ಲಿಂದ ತರೋದು?

ಇನ್ನೂ ಗಟ್ಟಿ ಆಧಾರ ಇರುವುದು ವಯಸ್ಸಾದವರು ಬೀಳುವುದನ್ನು ತಡೆಯುವ ವಿಷಯದಲ್ಲಿ. 2018ರಲ್ಲಿ ಅಮೆರಿಕದ 670 ಹಿರಿಯರ ಮೇಲೆ ನಡೆದ ಪ್ರಯೋಗದಲ್ಲಿ, ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ತೈ ಚಿ ಆಧಾರಿತ ತರಬೇತಿ ಪಡೆದವರು ಬೀಳುವುದು ಶೇ. 58ರಷ್ಟು ಕಡಿಮೆಯಾಯಿತು. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ನಿಮಗಿಂತ ಅವರಿಗೇ ಇದು ಹೆಚ್ಚು ಉಪಯೋಗ. ಒತ್ತಡ, ಆತಂಕ, ನಿದ್ದೆಯ ವಿಷಯದಲ್ಲೂ ಫಲ ಕಾಣುತ್ತೆ, ಆದರೆ ಸಾಧಾರಣ. ತಾನು ತೈ ಚಿ ಮಾಡ್ತಿದ್ದೀನಿ ಅಂತ ಮಾಡುವವರಿಗೆ ಗೊತ್ತೇ ಇರುತ್ತಲ್ಲ, ಹಾಗಾಗಿ ನಂಬಿಕೆಯ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಅಂತ ಬೇರ್ಪಡಿಸೋದು ಕಷ್ಟ.

ಸೂಜಿಯ ಲೆಕ್ಕ

ಭಾರತಕ್ಕೆ ಅಕ್ಯುಪಂಕ್ಚರ್ ಬಂದ ದಾರಿ ಚೆಂದದ ಕತೆ. 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಸಿನಿಮಾ, ಅಂಚೆಚೀಟಿ ಎಲ್ಲ ಅವರ ಮೇಲೆ ಬಂತು. ಅದೇ ತಂಡದ ಬಿ.ಕೆ. ಬಸು ಹಿಂತಿರುಗಿ ಬಂದರು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು, ಕಲ್ಕತ್ತಾದಲ್ಲಿ ಶುರು ಮಾಡಿದರು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆ ಪ್ರತ್ಯೇಕ ಕಾಯ್ದೆ ತಂದಿತು. ಮಹಾರಾಷ್ಟ್ರದ ಕಾಯ್ದೆ 2015ರದು. ಕೇಂದ್ರ ಸರ್ಕಾರ 2019ರ ಫೆಬ್ರವರಿಯಲ್ಲಿ ಸ್ವತಂತ್ರ ಪದ್ಧತಿ ಎಂದು ಮಾನ್ಯ ಮಾಡಿತು. ನಮ್ಮಲ್ಲಿ ಇದನ್ನು ಸರಿಯಾಗಿ ಓದಿ ಬರುವವರು ಮುಖ್ಯವಾಗಿ ಪ್ರಕೃತಿ ಚಿಕಿತ್ಸೆಯ ಪದವೀಧರರು. ಉಜಿರೆಯ ಎಸ್‌ಡಿಎಂ ಕಾಲೇಜು, ಮೈಸೂರಿನ ಸರ್ಕಾರಿ ಕಾಲೇಜಿನಂಥ ಕಡೆ ಐದೂವರೆ ವರ್ಷದ ಬಿಎನ್‌ವೈಎಸ್ ಪದವಿಯಲ್ಲಿ ಅಕ್ಯುಪಂಕ್ಚರ್ ಒಂದು ವಿಷಯ. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಂಡವರು ಬೇರೆ. ಕೇಳಿ ತಿಳಿದುಕೊಳ್ಳೋದು ನಿಮ್ಮ ಹಕ್ಕು.

ಕೆಲಸ ಮಾಡುತ್ತಾ? ಜರ್ಮನಿಯಲ್ಲಿ 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ನನಗೆ ಇಷ್ಟ. ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳು, ಮೂರು ಗುಂಪು. ಮೊದಲನೆಯದಕ್ಕೆ ನಿಜವಾದ ಅಕ್ಯುಪಂಕ್ಚರ್. ಎರಡನೆಯದಕ್ಕೆ ನಕಲಿ: ಬೇಕಾದ ಜಾಗ ಬಿಟ್ಟು ಬೇರೆಲ್ಲೋ ಮೇಲುಮೇಲೆ ಚುಚ್ಚೋದು. ಮೂರನೆಯದಕ್ಕೆ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರ ಸುಧಾರಿಸಿದವರು ಕ್ರಮವಾಗಿ ಶೇ. 47.6, ಶೇ. 44.2, ಶೇ. 27.4. ಅಂದರೆ ಸೂಜಿಗೆ ಹೋದವರಿಗೆ ಮಾಮೂಲಿಗಿಂತ ಜಾಸ್ತಿ ಆರಾಮವಾಯಿತು, ಆದರೆ ಎಲ್ಲಿ ಚುಚ್ಚಿದರು ಅನ್ನೋದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ. ಯಾರೋ ಒಬ್ಬರು ಅರ್ಧ ಗಂಟೆ ನಿಮ್ಮ ನೋವಿನ ಬಗ್ಗೆ ಕೇಳಿ, ಮಲಗಿಸಿ, ಮೈ ಮುಟ್ಟಿ ಗಮನ ಕೊಡೋದೇ ಅರ್ಧ ಔಷಧ ಇರಬಹುದು. ನಮ್ಮ ಆಸ್ಪತ್ರೆಗಳ ಎರಡು ನಿಮಿಷದ ಓಪಿಡಿಗಳಲ್ಲಿ ಇಲ್ಲದಿರುವುದು ಅದೇ.

ಹಾಗಾಗಿ ಕತ್ತುನೋವಿಗೆ ಹೋಗಿ ನೋಡೋದರಲ್ಲಿ ತಪ್ಪಿಲ್ಲ, ಕೈಯಲ್ಲಿ ದುಡ್ಡಿದ್ದರೆ. ಪ್ರತಿ ಸಲ ಹೊಸ ಪೊಟ್ಟಣ ಒಡೆದು ಸೂಜಿ ತೆಗೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು. ಹತ್ತು ಸಲದ ದುಡ್ಡು ಮುಂಗಡ ಕೊಡಬೇಡಿ, ಎರಡು ಸಲ ನೋಡಿ. 'ಬಿಪಿ ಮಾತ್ರೆ ಬಿಡಿ' ಅಂದವರ ಕ್ಲಿನಿಕ್‌ನಿಂದ ಮಾತ್ರ ಎದ್ದು ಬನ್ನಿ. ಅದನ್ನು ಹೇಳಬೇಕಾದವರು ಮಾತ್ರೆ ಬರೆದ ವೈದ್ಯರು.

ಚೀನೀ ಗಿಡಮೂಲಿಕೆ ಪುಡಿ, ಮಾತ್ರೆ ಕೊಟ್ಟರೆ ಇನ್ನೂ ಹುಷಾರಾಗಿರಿ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚೀನೀ ಮೂಲಿಕೆ ಸೇವಿಸಿದ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು. ಕಾರಣ ಅರಿಸ್ಟೊಲೋಕಿಕ್ ಆಮ್ಲ. ನಮ್ಮ ಬೇಲಿಗಳಲ್ಲಿ ಬೆಳೆಯುವ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ನಾಟಿ ಎಂದ ಮಾತ್ರಕ್ಕೆ ನಿರಪಾಯವಲ್ಲ, ಚೀನಾದ್ದಾಗಲಿ ನಮ್ಮದಾಗಲಿ. ಅದೇ ಚೀನೀ ವೈದ್ಯದ ಹಳೆಯ ಗ್ರಂಥ ಹುಡುಕಿ, ಸೋಸಿ, ಪರೀಕ್ಷೆಗೆ ಒಡ್ಡಿ ಮಲೇರಿಯಾ ಔಷಧ ತೆಗೆದ ತು ಯೂಯೂ ಅವರಿಗೆ 2015ರ ನೊಬೆಲ್ ಬಂತು. ವ್ಯತ್ಯಾಸ ಪರೀಕ್ಷೆಯದು.

ರೇಷ್ಮೆಯ ಎಂಟು ತುಂಡು

ಶುರು ಮಾಡುವವರಿಗೆ ನಾನು ಹೇಳೋದು ತೈ ಚಿ ಅಲ್ಲ, ಬಾದುವಾನ್‌ಜಿನ್. ತೈ ಚಿಯ ಹೆಜ್ಜೆಗಳನ್ನು ನೆನಪಿಟ್ಟುಕೊಳ್ಳಲು ತಿಂಗಳು ಬೇಕು, ಗುರು ಬೇಕು. ಇದು ಎಂಟೇ ಚಲನೆ, ನಿಂತಲ್ಲೇ, ಹನ್ನೆರಡು ನಿಮಿಷ. ಚಾಪೆ ಬೇಡ, ಸೀರೆಯಲ್ಲೂ ಆಗುತ್ತೆ. ಹನ್ನೆರಡನೇ ಶತಮಾನದಿಂದ ಈ ಹೆಸರು ಸಿಗುತ್ತೆ. ಅರ್ಥ 'ಜರತಾರಿ ರೇಷ್ಮೆಯ ಎಂಟು ತುಂಡುಗಳು'. ದೊಡ್ಡಬಳ್ಳಾಪುರದ ಮಗ್ಗದ ಸದ್ದಿನ ನಡುವೆ ಬೆಳೆದವನಿಗೆ ಈ ಹೆಸರು ಕೇಳಿ ಖುಷಿಯೂ ಆಯ್ತು, ನಗುವೂ ಬಂತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿದು, ಚೀನಾದ ರೇಷ್ಮೆ ಅಗ್ಗವಾಗಿ, ಗೂಡಿನ ಬೆಲೆ ನೆಲ ಕಚ್ಚಿದಾಗ ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಚೀನಾದಿಂದ ಬಂದದ್ದು ಒತ್ತಡವೇ.

ಕಾಲು ಭುಜದಷ್ಟು ಅಗಲ, ಮೊಣಕಾಲು ಸಡಿಲ. ಮೊದಲನೆಯದು: ಬೆರಳು ಹೆಣೆದು, ಅಂಗೈ ಮೇಲಾಗಿ ಆಕಾಶ ಎತ್ತಿ ಹಿಡಿದಂತೆ ತಲೆ ಮೇಲಕ್ಕೆ ಚಾಚುವುದು. ಏಳುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ. ಎರಡನೆಯದು ಎಡಕ್ಕೂ ಬಲಕ್ಕೂ ಬಿಲ್ಲು ಎಳೆಯುವುದು. ದಿನವಿಡೀ ಮೆಷಿನ್ ಮೇಲೆ ಬಾಗಿದವರಿಗೆ, ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಎದೆ ಬಿಚ್ಚುವ ಇದೇ ಎಲ್ಲಕ್ಕಿಂತ ಉಪಯೋಗ. ಮೂರನೆಯದು ಒಂದು ಕೈ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಒತ್ತುವುದು. ನಾಲ್ಕನೆಯದು ಮೈ ತಿರುಗಿಸದೆ ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿ ನೋಡುವುದು. ಐದು ಮತ್ತು ಆರು ಬಾಗುವ ಚಲನೆಗಳು: ತಲೆ–ಸೊಂಟ ತೂಗುವುದು, ಪಾದ ಮುಟ್ಟುವುದು. ತಲೆಸುತ್ತು, ಹತೋಟಿಯಿಲ್ಲದ ಬಿಪಿ, ಡಿಸ್ಕ್ ತೊಂದರೆ ಇರುವವರು ಇವೆರಡನ್ನು ಬಿಟ್ಟುಬಿಡಿ. ಏಳನೆಯದು ನನಗೆ ಅಚ್ಚುಮೆಚ್ಚು: ಮುಷ್ಟಿ ಬಿಗಿದು, ಕಣ್ಣು ಕೆಕ್ಕರಿಸಿ, ನಿಧಾನವಾಗಿ ಗುದ್ದುವುದು. ಯಾರನ್ನು ನೆನೆಸಿಕೊಳ್ಳಬೇಕು ಅಂತ ಪಾಠದಲ್ಲಿ ಹೇಳಿಲ್ಲ. ಎಂಟನೆಯದು ಹಿಮ್ಮಡಿ ಎತ್ತಿ ಹಗುರಾಗಿ ಏಳು ಸಲ ಇಳಿಸುವುದು.

ಕಣ್ಣು ಮುಚ್ಚಿ ಗಂಟೆಗಟ್ಟಲೆ 'ಚಿ' ಹರಿಸುವ ಧ್ಯಾನದ ಬಗೆಗಳಿಗೆ ಮಾತ್ರ ಆತುರ ಬೇಡ. ಅತಿಯಾದ ಚಿಗಾಂಗ್‌ನಿಂದ ಮನಸ್ಸಿನ ಸ್ಥಿಮಿತ ತಪ್ಪಿದ ಪ್ರಕರಣಗಳನ್ನು ಚೀನಾದ ವೈದ್ಯರೇ ದಾಖಲಿಸಿದ್ದಾರೆ, 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಅದಕ್ಕೆ ಜಾಗ ಸಿಕ್ಕಿತು. ಮೊದಲೇ ಗಂಭೀರ ಮಾನಸಿಕ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಕೈಹಾಕಬಾರದು. ನಿದ್ದೆ ವಾರಗಟ್ಟಲೆ ಇಲ್ಲ, ಬದುಕು ಬೇಡ ಅನ್ನಿಸುತ್ತಿದೆ ಅಂದರೆ ಅದು ವ್ಯಾಯಾಮದ ವಿಷಯವೇ ಅಲ್ಲ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆ ಹತ್ತು ನಿಮಿಷ ಯಾರದು?

ಅಲಿಬಾಬಾದ ಜಾಕ್ ಮಾ ತೈ ಚಿಯ ದೊಡ್ಡ ಭಕ್ತ. 2017ರಲ್ಲಿ ಜೆಟ್ ಲೀ ಜೊತೆ ಸೇರಿ ಅದರ ಮೇಲೊಂದು ಕಿರುಚಿತ್ರವನ್ನೇ ಮಾಡಿದ. ಅದೇ ಮನುಷ್ಯ 2019ರ ಏಪ್ರಿಲ್‌ನಲ್ಲಿ, ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ದುಡಿಯುವ '996' ಪದ್ಧತಿಯನ್ನು ಭಾಗ್ಯ ಎಂದ. ಚೀನಾದ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಅದು ಕಾನೂನುಬಾಹಿರ ಎಂದಿತು. ಆ ವರ್ಷ ಅಲ್ಲಿನ ಹುಡುಗ ಹುಡುಗಿಯರು ಒತ್ತಡಕ್ಕೆ ಕಂಡುಕೊಂಡ ಮದ್ದು ತೈ ಚಿ ಆಗಿರಲಿಲ್ಲ. 'ತಾಂಗ್‌ಪಿಂಗ್' ಅಂದರು. ಸುಮ್ಮನೆ ಮಲಗಿಬಿಡೋದು, ಓಟಕ್ಕೆ ಬರೋದೇ ಇಲ್ಲ.

ನಮ್ಮ ರಾಜ್ಯ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸಲು, ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಲು ದಾರಿ ಮಾಡಿಕೊಟ್ಟಿತು. 2024ರಲ್ಲಿ ಐಟಿ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾವದ ವಿರುದ್ಧ ಐಟಿ ನೌಕರರ ಸಂಘ ಫ್ರೀಡಂ ಪಾರ್ಕ್‌ನಲ್ಲಿ ಪ್ರತಿಭಟಿಸಿತು. ಹನ್ನೆರಡು ಗಂಟೆಯ ಮೈಕೈ ನೋವನ್ನು ಹನ್ನೆರಡು ನಿಮಿಷದ ವ್ಯಾಯಾಮ ತೆಗೆಯುತ್ತೆ ಅಂತ ಯಾವ ಪ್ರಯೋಗವೂ ತೋರಿಸಿಲ್ಲ.

ಕಂಪನಿಯಲ್ಲಿ ವ್ಯಾಯಾಮ ಮಾಡಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಮಾಡಿಸಲಿ. ಆದರೆ ಬಾ ಅಂದ ಹೊತ್ತಿಗೆ ಬಂದು, ಮಾಡು ಅಂದದ್ದನ್ನು ಮಾಡುವ ಹತ್ತು ನಿಮಿಷ ಕೆಲಸದ ಸಮಯವೇ. ಅದನ್ನು ಪಾಳಿಯೊಳಗೆ ಸೇರಿಸಬೇಕು, ಆ ದಿನದ ಪೀಸಿನ ಲೆಕ್ಕ ಅಷ್ಟು ಇಳಿಯಬೇಕು. ಇಳಿಸದೆ ಪಾಳಿ ಮುಗಿದ ಮೇಲೂ ನಿಲ್ಲಿಸಿಕೊಂಡರೆ ಅದು ಹೆಚ್ಚುವರಿ ದುಡಿಮೆ. ಮಿತಿ ಮೀರಿದ ಹೊತ್ತಿಗೆ ದುಪ್ಪಟ್ಟು ಕೂಲಿ ಕೊಡಬೇಕು ಅನ್ನೋದು ಹಳೆಯ ಕಾನೂನು, ಯಾರೂ ಹೊಸದಾಗಿ ಕೇಳ್ತಿರೋದಲ್ಲ.

ತಂಗಿಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಅವಳು ಮಾತ್ರೆ ಬಿಟ್ಟಿಲ್ಲ. ಸೂಜಿಗೆ ಹೋಗಿಲ್ಲ, ಆರು ಸಾವಿರ ಮಗಳ ಸ್ಕೂಲ್ ಫೀಸಿಗೆ ಹೋಯ್ತು. ಎಂಟರಲ್ಲಿ ಬಿಲ್ಲು ಎಳೆಯೋದು, ಕತ್ತು ತಿರುಗಿಸೋದು ಎರಡನ್ನೇ ರಾತ್ರಿ ಮಲಗೋ ಮುಂಚೆ ಮಾಡ್ತಾಳಂತೆ, ಕತ್ತು ಸ್ವಲ್ಪ ಹಗುರ ಅನ್ಸುತ್ತಂತೆ. ಹತ್ತು ನಿಮಿಷದ ಪೀಸಿನ ವಿಷಯವನ್ನು ಅವಳ ಲೈನಿನ ಆರು ಜನ ಒಟ್ಟಿಗೆ ಹೋಗಿ ಕೇಳಿದ್ದಾರೆ. "ಮೇಲ್ಗಡೆ ಕೇಳಿ ಹೇಳ್ತೀವಿ ಅಂದ್ರಣ್ಣ" ಅಂದಳು. ಇವತ್ತಿಗೆ ಹದಿನೆಂಟು ದಿನ ಆಯ್ತು.